ವಿಭೂತಿ ಹತ್ತದ ಹರಳು

“ನನ್ನ ಸೊಸಿ ಕಳ್ಳಿ ಅಲ್ಲ ಅಂತ ಹೇಳ್ರಿ ಅಕ್ಕಾರ. ಇಲ್ಲಾ, ಹೌದು ಅಂತಾದ್ರೂ ಹೇಳ್ರಿ. ಹಿಂಗ ನಡುವ ನಿಂತು ನನ್ನ ಕೈಲೆ ಆಗವಲ್ದು.”

ಶಿವಬಸವ್ವ ಚಪ್ಪಲಿ ಬಿಡುವ ಮೊದಲೇ ಹೀಗೆ ಅಂದಾಗ ದುರ್ಗಕ್ಕ ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಕೆಳಗಿನ ಮನೆಯ ರೇಣು ಅವರೆದುರು ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಶುಕ್ರವಾರದ ಸಂಜೆ. ಮಕ್ಕಳು ಕೆಳಗೆ ಆಡುತ್ತಿದ್ದರು, ಬೇಳೆ ಬೆಂದಾಗಿತ್ತು. ರೇಣುವಿಗೆ ಇಂಥ ಹೊತ್ತು ಸಿಕ್ಕರೆ ಅವಳು ಕಳೆಯುವುದು ದುರ್ಗಕ್ಕನ ಮನೆಯಲ್ಲೇ.

ದುರ್ಗಕ್ಕನದು ವಿಮಾ ಕಚೇರಿಯ ನೌಕರಿಯಾಗಿತ್ತು. ಒಡವೆ ಕಳೆಯಿತು, ಕದ್ದರು ಎಂದು ಜನ ಬರೆದುಕೊಟ್ಟಾಗ ಅವರ ಮನೆಗೆ ಹೋಗಿ, ಕಪಾಟು ನೋಡಿ, ಮಾತಾಡಿಸಿ, ನಿಜ ಸುಳ್ಳು ಬೇರೆ ಮಾಡುವ ಕೆಲಸ. ನಿವೃತ್ತಿಯಾದ ಮೇಲೂ ಪುಣೆಯ ವಾಕಡದ ಕನ್ನಡದವರು ಅವರನ್ನು ಬಿಡಲಿಲ್ಲ. ಯಾರ ಮನೆಯಲ್ಲಿ ಏನು ಕಾಣೆಯಾದರೂ ಪೊಲೀಸರಿಗಿಂತ ಮೊದಲು ಇವರ ಬಾಗಿಲು ತಟ್ಟುತ್ತಿದ್ದರು. ಬಂದವರ ಕೈಗೆ ದುರ್ಗಕ್ಕ ಏನಾದರೊಂದು ಕೆಲಸ ಕೊಡುವುದು ರೂಢಿ. ಕೈ ಖಾಲಿ ಇದ್ದರೆ ಜನ ಅಳುತ್ತಾರೆ, ಇಲ್ಲವೇ ಬಣ್ಣ ಕಟ್ಟಿ ಹೇಳುತ್ತಾರೆ ಎಂಬುದು ಅವರ ಅನುಭವ.

“ಕೂಡ್ರಿ. ಈ ಸೊಪ್ಪು ತಗೋರಿ. ದಂಟು ಬ್ಯಾಡ, ಎಲಿ ಅಷ್ಟ,” ಎಂದರು ದುರ್ಗಕ್ಕ. “ಈಗ ಮೊದಲಿಂದ ಹೇಳ್ರಿ.”

ಶಿವಬಸವ್ವ ನಾಲ್ಕು ದಂಟು ಬಿಡಿಸಿ ಮಾತು ಶುರುಮಾಡಿದರು.

ಅವರ ಗಂಡ ಫಕೀರಪ್ಪನವರದು ಪುಣೆಯಲ್ಲಿ ಬಟ್ಟೆ ವ್ಯಾಪಾರ. ಮನೆ ಅದೇ ವಾಕಡದಲ್ಲಿ, ಎರಡು ಓಣಿ ಆಚೆ. ದೊಡ್ಡ ಮಗ ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದ. ಅವನ ಹೆಂಡತಿ ಹರ್ಷದಾ ಬಾರಾಮತಿಯ ಮರಾಠಿ ಹುಡುಗಿ, ಪ್ರೀತಿಸಿ ಮಾಡಿಕೊಂಡ ಮದುವೆ. ಈಗ ಕಿರಿಯ ಮಗ ಸಂಜುವಿಗೆ ಸಿಂಧೂರ ಗೊತ್ತಾಗಿದ್ದಳು. ತಿಪಟೂರಿನ ಹುಡುಗಿ, ಪುಣೆಯಲ್ಲೇ ಹಿಂಜವಡಿಯಲ್ಲಿ ಕೆಲಸ. ತಾಯಿ ತಂದೆ ಇಲ್ಲದ ಅವಳನ್ನು ಸಾಕಿದ್ದು ಅಜ್ಜಿ ಬೋರಮ್ಮ. ಬರುವ ಗುರುವಾರ ನಿಶ್ಚಿತಾರ್ಥ.

“ಉಂಗುರದ ಸಲುವಾಗಿ ಆದ ಜಗಳ ಒಂದೆರಡಲ್ರಿ,” ಎಂದರು ಶಿವಬಸವ್ವ. “ಸಂಜು ಲ್ಯಾಬಿನೊಳಗ ಬೆಳಸಿದ ವಜ್ರ ತರೂಣು, ಅಷ್ಟ ರೊಕ್ಕಕ್ಕ ದೊಡ್ಡದು ಬರ್ತದ ಅಂದ. ಇವರು, ‘ಫ್ಯಾಕ್ಟರಿ ಮಾಲು ಅಂಗಡಿಯೊಳಗ ಸಾಕು, ಸೊಸಿ ಕೈಯಾಗ ಬ್ಯಾಡ’ ಅಂದ್ರು. ಕಡೀಕ ಸಣ್ಣದಾದ್ರೂ ಭೂಮಿಯೊಳಗಿನದ ಇರಲಿ ಅಂತ ಆತು. ಆಮ್ಯಾಲ ಕಟ್ಟಿಂದು. ಸಿಂಧೂರಗ ನಾಕು ಮುಳ್ಳಿನ ಮ್ಯಾಲ ಎತ್ತರಕ್ಕ ಕುಂತಿರಬೇಕು. ನಾ ಅಂದೆ, ಮುಳ್ಳು ಸ್ವೆಟರಿಗೆ ಸಿಗ್ತದ, ಕೂದಲಿಗೆ ಸಿಗ್ತದ, ಒಂದಿನ ಹರಳು ಬಿದ್ದು ಮೋರಿ ಪಾಲಾಗ್ತದ. ಸುತ್ತ ಬಂಗಾರದ ಅಂಚು ಹಾಕಿ ಕಟ್ಟಸೂಣು ಅಂತ.”

ಜಗಳ ಬಿಡಿಸಲು ಅವರ ಅಕ್ಕಸಾಲಿಗ ಜಟ್ಟೆಪ್ಪ ಒಂದು ಬೆಳ್ಳಿಯ ಮಾದರಿ ಉಂಗುರ ಕೊಟ್ಟಿದ್ದರು. ಬದಿಗೆ ಒತ್ತಿದರೆ ಅದರ ನಾಲ್ಕು ಮುಳ್ಳು ಅಗಲವಾಗಿ ಹರಳು ಕೈಗೆ ಬರುತ್ತಿತ್ತು. ಬೇರೆ ಬೇರೆ ಹರಳು ಕೂರಿಸಿ ಗಿರಾಕಿಗೆ ತೋರಿಸಲು ಅಂಗಡಿಯಲ್ಲಿ ಇಟ್ಟುಕೊಳ್ಳುವಂಥದ್ದು. ಅದಕ್ಕೆ ವಜ್ರದಷ್ಟೇ ಗಾತ್ರದ ಅಮೆರಿಕನ್ ಡೈಮಂಡ್, ಅಂದರೆ ಅಗ್ಗದ ನಕಲಿ ಹರಳು, ಹುಡುಕಿ ಹಾಕಿ, “ಹತ್ತು ದಿನ ಹಾಕ್ಕೊಂಡು ಓಡ್ಯಾಡವಾ, ಆಮ್ಯಾಲ ಹೇಳು,” ಎಂದು ಸಿಂಧೂರಳ ಕೈಗಿಟ್ಟಿದ್ದರು.

“ಇನ್ನ ವಜ್ರ. ಅದು ಆಗಿ ಬರಬೇಕಲ್ರಿ ಅಕ್ಕಾರ? ನಮ್ಮನ್ಯಾಗ ಅದನ್ನ ನೋಡದ ತಗೊಳ್ಳಂಗಿಲ್ಲ.”

ರೇಣುವಿಗೆ ಇದು ಗೊತ್ತಿದ್ದದ್ದೇ. ವಜ್ರ ಕೆಲವರಿಗೆ ಒಲಿಯುತ್ತದೆ, ಕೆಲವರಿಗೆ ಮುನಿಯುತ್ತದೆ ಎಂದು ಅವಳ ತವರಿನಲ್ಲೂ ನಂಬುತ್ತಿದ್ದರು. ಕೊಳ್ಳುವ ಮೊದಲು ಬಿಡಿ ಹರಳನ್ನು ತಂದು ಕೆಲವು ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳುವುದು. ಯಾರಿಗೂ ಜ್ವರ ಬರದೆ, ಯಾರೂ ಬೀಳದೆ, ಒಲೆಯ ಮೇಲಿನ ಹಾಲು ಒಡೆಯದೆ ಕಳೆದರೆ ಸರಿ. ಏನಾದರೂ ಕೆಟ್ಟದ್ದಾದರೆ ಹಿಂದಕ್ಕೆ ಕೊಡುವುದು. ಹಳೆಯ ಅಕ್ಕಸಾಲಿಗರು ಯಾಕೆ ಎಂದು ಕೇಳುವುದೂ ಇಲ್ಲ.

“ಸೋಮವಾರ ಜಟ್ಟೆಪ್ಪ ನಮ್ಮೆದುರಿಗೇ ಮಿಷನ್ನಿನಿಂದ ಪರೀಕ್ಷೆ ಮಾಡಿ, ಕಾಗದದಾಗ ಮಡಚಿ ಕೊಟ್ರು. ಮನಿಗೆ ತಂದು ಹಾಲಿನಾಗ ತೊಳದು, ಚಲೋತ್ನಂಗ ವಿಭೂತಿ ಹಚ್ಚಿ, ಅದ ಕಾಗದದಾಗ ಮಡಚಿ ದೇವರ ಮುಂದ ಇಟ್ಟೆ. ಒಂದು ಸೀನೂ ಯಾರಿಗೂ ಬರಲಿಲ್ರಿ! ಶನಿವಾರ ಒಯ್ದು ಕಟ್ಟಸೂದು ಅಂತ ಇತ್ತು. ಇವತ್ತ ಮುಂಜಾನಿ ಜಟ್ಟೆಪ್ಪ, ‘ಹರಳು ಕಟ್ಟುವವ ನಾಳೆ ಊರಿಗೆ ಹೊಂಟಾನ, ಇವತ್ತ ತರ್ರಿ’ ಅಂತ ಫೋನ್ ಮಾಡಿದ್ರು. ಒಯ್ದ್ವಿ. ವಜ್ರಕ್ಕ ಸದ್ದು ಮಾಡೂ ಮಿಷನ್ ಹಚ್ಚಿದ್ರ ಸದ್ದೇ ಇಲ್ಲ. ‘ಅಕ್ಕಾ, ಇದು ನಾ ಕೊಟ್ಟ ಹರಳು ಅಲ್ಲ. ಅಮೆರಿಕನ್ ಡೈಮಂಡ್’ ಅಂದ್ರು.”

“ಪೊಟ್ಟಣ ತಂದೀರೇನು?”

ಶಿವಬಸವ್ವ ಪರ್ಸಿನಿಂದ ತೆಗೆದುಕೊಟ್ಟರು. ದುರ್ಗಕ್ಕ ಕೈ ತೊಳೆದು, ಬಿಳಿ ತಟ್ಟೆಯೊಂದರ ಮೇಲೆ ಕಾಗದ ಬಿಡಿಸಿದರು. ಮಡಿಕೆಗಳಲ್ಲಿ ವಿಭೂತಿ ಬೂದಿಬೂದಿಯಾಗಿ ಕೂತಿತ್ತು. ಹರಳು ಮಾತ್ರ ಮೇಲೆ ಫಳಫಳ ಹೊಳೆಯುತ್ತಿತ್ತು. ಚಿಮುಟದಲ್ಲಿ ಅದನ್ನು ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ, ಮೂಗಿನ ಹತ್ತಿರ ತಂದರು. ರೇಣುವಿಗೂ ತೋರಿಸಿದರು. ಹರಳಿನ ಕೆಳಭಾಗದಲ್ಲಿ ಬೆಳ್ಳಗೆ ತೆಳುವಾದ ಜಿಡ್ಡು ಅಂಟಿಕೊಂಡಿತ್ತು. ಕೈಗೆ ಹಚ್ಚುವ ಕ್ರೀಮಿನ ವಾಸನೆ ಸಣ್ಣಗೆ ಬಂತು.

“ರೇಣು, ನಿನ್ನ ಉಂಗುರ ಬಿಚ್ಚು.”

ರೇಣು ಬೆಳ್ಳುಳ್ಳಿಯ ಕೈಯಲ್ಲೇ ಉಂಗುರ ಬಿಚ್ಚಿಕೊಟ್ಟಳು. ದುರ್ಗಕ್ಕ ಅದರ ಹಿಂಬದಿ ನೋಡಿ ಹಿಂದಕ್ಕೆ ಕೊಟ್ಟರು.

“ದೇವರ ಕೋಣಿಗೆ ಯಾರ್ಯಾರು ಹೋಗಿದ್ರು?”

“ನಾನು. ಇವರು ಮುಂಜಾನಿ ಪೂಜಾಕ್ಕ, ಆಗ ನಾನೂ ಇರ್ತೀನಿ. ಹರ್ಷದಾ ಗುರುವಾರ ಒಬ್ಬಾಕಿನ ಒಳಗ ನಿಂತು ಎಲ್ಲಾ ತಿಕ್ಕಿ ತೊಳದಾಳ. ಸಿಂಧೂರ ಮಂಗಳವಾರ ಅಜ್ಜಿನ್ನ ಕರಕೊಂಡು ಬರಾಕ ಊರಿಗೆ ಹೊಂಟಿದ್ಲು, ದೇವರಿಗೆ ಕೈ ಮುಗದು ಹೋದ್ಲು ಪಾಪ. ನಾವು ಅಡಗಿಮನಿಯೊಳಗ ಆಕಿಗೆ ಬುತ್ತಿ ಕಟ್ಟಾಕತ್ತಿದ್ವಿ. ಸಂಜೂಗ ದೇವರ ನೆನಪು ಪರೀಕ್ಷಾದಾಗ ಅಷ್ಟ. ಕೆಲಸದಾಕಿ ಆ ಕೋಣಿಗೆ ಹೋಗಂಗಿಲ್ಲ.”

“ಹರ್ಷದಾನ ಮ್ಯಾಲ ಯಾಕ ಸಂಶಯ?”

ಶಿವಬಸವ್ವ ಸೊಪ್ಪಿನ ಮೇಲೆ ಕಣ್ಣು ನೆಟ್ಟರು. “ನನಗಿಲ್ರಿ. ಇವರಿಗೆ. ಬುಧವಾರ ಆಕಿ ಯಾರಿಗೂ ಕಾರಣ ಹೇಳದ ಬಾರಾಮತಿಗೆ ಹೋಗಿ ಸಂಜೀಕ ಬಂದ್ಲು. ಯಾಕ ಹೋಗಿದ್ದಿ ಅಂದ್ರ, ‘ಹಿಂಗ’ ಅಂದ್ಲು. ಇವತ್ತ ಇವರು ಆಕಿ ಕೇಳೂಹಂಗ ಒದರಾಡಿದ್ರು. ಆಕಿ ಒಂದು ಮಾತಾಡಲಿಲ್ಲ. ಒಳಗ ಹೋಗಿ ಬ್ಯಾಗ್ ತುಂಬಿ ಇಟ್ಟಾಳ. ನಾಳೆ ಹೋದ್ರ ಆಕಿ ಮತ್ತ ಬರಂಗಿಲ್ರಿ. ನನಗ ಗೊತ್ತದ.”

“ಬೀಗರಿಗೆ ವಜ್ರ ಕಳದದ್ದು ಹೇಳೀರೇನು?”

“ಅಯ್ಯ ಶಿವನ! ಎಂಥಾ ಮಾತು! ನಿಶ್ಚಿತಾರ್ಥಕ್ಕಿಂತ ಮೊದಲ ಮನ್ಯಾಗ ಕಳವಾತು ಅಂದ್ರ ಹೆಣ್ಣಿನ ಕಡೆಯವರು ಏನಂದಾರು?”

“ಸಿಂಧೂರನ ಕೈಯಾಗ ಆ ಮಾದರಿ ಉಂಗುರ ಹ್ಯಾಂಗ ಕಾಣ್ತದ? ಫೋಟೋ ಅದ ಏನು?”

ಫೋನಿನಲ್ಲಿ ಎರಡು ಫೋಟೋ ಇದ್ದವು. ಹಿಂದಿನ ವಾರದ್ದು ಆಫೀಸಿನ ಮೇಜಿನ ಮೇಲೆ, ಮೌಸ್ ಹಿಡಿದ ಕೈ. ಎರಡನೆಯದು ಬುಧವಾರ ತಿಪಟೂರಿನಿಂದ ಬಂದದ್ದು. ಅಜ್ಜಿಯ ಕೈ ಹಿಡಿದ ಮೊಮ್ಮಗಳ ಕೈ, ಕೆಳಗೆ ‘ಮುಳ್ಳೇ ಇರ್ಲಿ ಅತ್ತೆ, ಪ್ಲೀಸ್’ ಎಂಬ ಬರಹ. ಅದರಲ್ಲಿ ಉಂಗುರಕ್ಕೆ ಕೆಂಪು ದಾರ ಬಿಗಿಯಾಗಿ ಸುತ್ತಿತ್ತು. ಒಂದೆರಡು ಸುತ್ತು ಮುಳ್ಳುಗಳ ಮೇಲೂ ಹಾದಿತ್ತು.

“ಸಡಲ ಆಗಿರಬೇಕು,” ಎಂದಳು ರೇಣು.

“ಹೂಂ, ಆಗಿರಬೇಕು,” ಎಂದರು ದುರ್ಗಕ್ಕ. ಮುಖದ ಗಂಟು ಸಡಿಲಿಸಿ ತಟ್ಟೆ ಬದಿಗಿಟ್ಟರು. “ಶಿವಬಸವ್ವಾರ, ಸಿಂಧೂರ ಯಾವಾಗ ಬರ್ತಾಳ?”

“ನಾಳೆ ಮುಂಜಾನಿ ರೈಲಿಗೆ, ಅಜ್ಜಿ ಜೋಡಿ.”

“ಸಂಜೂಗ ಹೇಳ್ರಿ, ಸ್ಟೇಷನ್ನಿಂದ ಇಬ್ಬರನ್ನೂ ಸೀದಾ ನಿಮ್ಮ ಮನಿಗೆ ಕರಕೊಂಡು ಬರಲಿ. ಜಟ್ಟೆಪ್ಪಾರನ್ನ ಮಿಷನ್ ತಗೊಂಡು ಬರ್ರಿ ಅನ್ರಿ. ಹರ್ಷದಾಗ ಹೇಳ್ರಿ, ಹೋಗಾಕಿ ಹೋಗಲಿ, ಆದ್ರ ನಾ ಬಂದು ಹೋಗೂತನ ಇರಲಿ. ಮತ್ತ ನೀವು, ರಾತ್ರಿ ಉಂಡು ಮಲಗ್ರಿ.”

ಶಿವಬಸವ್ವ ಹೋದ ಮೇಲೆ ರೇಣು ತಡೆಯಲಾರದೆ ಕೇಳಿದಳು: “ಸಂಜು ಅಲ್ಲೇನ್ರಿ ಅಕ್ಕಾ? ಅವಗ ಲ್ಯಾಬಿಂದು ಬೇಕಿತ್ತಲ್ಲ. ಅಪ್ಪಗ ಬುದ್ಧಿ ಕಲಸಾಕ...”

“ಬುದ್ಧಿ ಕಲಸಾವ ಲ್ಯಾಬಿನ ವಜ್ರ ಇಡ್ತಿದ್ದ. ಮಿಷನ್ ಅದಕ್ಕೂ ಸದ್ದು ಮಾಡ್ತದ, ಯಾರಿಗೂ ಗೊತ್ತಾಗ್ತಿದ್ದಿಲ್ಲ. ನೀ ಹೋಗು, ನಿನ್ನ ಹುಡುಗರು ಕೆಳಗ ಹೊಡದಾಡಾಕತ್ತಾವ.”

ಆ ರಾತ್ರಿ ಚಪಾತಿ ಲಟ್ಟಿಸುವಾಗಲೂ ರೇಣುವಿನ ತಲೆಯಲ್ಲಿ ಹರ್ಷದಾಳ ತುಂಬಿಟ್ಟ ಬ್ಯಾಗೇ ಇತ್ತು. ಸೊಸೆಯಾದವಳು ಮನೆ ಬಿಡುವಾಗ ಬ್ಯಾಗಿನಲ್ಲಿ ಏನು ಇಟ್ಟುಕೊಳ್ಳುತ್ತಾಳೆ, ಏನು ಬಿಟ್ಟು ಹೋಗುತ್ತಾಳೆ ಎಂದು ಯೋಚಿಸಿ ಅವಳಿಗೆ ಸಂಕಟವಾಯಿತು.

ಶನಿವಾರ ಬೆಳಿಗ್ಗೆ ಫಕೀರಪ್ಪನವರ ಮನೆಯಲ್ಲಿ ಎಲ್ಲರೂ ಕೂಡಿದರು. ಫಕೀರಪ್ಪ ಸೋಫಾದ ತುದಿಗೆ ಕೂತು ಮೀಸೆ ತಿರುವುತ್ತಿದ್ದರು. ಜಟ್ಟೆಪ್ಪ ತಮ್ಮ ಪುಟ್ಟ ಪರೀಕ್ಷಾ ಮಿಷನ್ನನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಹರ್ಷದಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಬ್ಯಾಗು ಅವಳ ಕಾಲ ಬಳಿ. ಅತ್ತು ಮುಗಿಸಿದ ಮುಖ. ರೇಣು ಹೋಗಿ ಅವಳ ಪಕ್ಕದಲ್ಲೇ ನಿಂತಳು.

ಬಾಗಿಲು ತೆರೆದು ಸಂಜು, ಸಿಂಧೂರ, ಬೋರಮ್ಮ ಒಳಗೆ ಬಂದರು. ಫಕೀರಪ್ಪ ದುರ್ಗಕ್ಕನ ಕಡೆ ಬಾಗಿ ಪಿಸುಗುಟ್ಟಿದರು: “ಬೀಗರ ಮುಂದ ನಮ್ಮ ಮಾನ ಕಳೀತೀರೇನ್ರಿ?”

“ಉಳಸಾಕ ಬಂದೀನ್ರಿ,” ಎಂದರು ದುರ್ಗಕ್ಕ, ಪಿಸುಗುಟ್ಟದೆ. “ಅಜ್ಜೀ, ಕೂಡ್ರಿ. ಪ್ರಯಾಣ ಹ್ಯಾಂಗಾತು?”

“ಸುಖವಾಗಾಯ್ತು ಕಣಮ್ಮ. ಈ ಮೂರು ರಾತ್ರಿ ಮೊಮ್ಮಗಳ ಪಕ್ಕ ಮಲಗಿ ಎಂಥಾ ನಿದ್ದೆ ಬಂತು ಅಂತೀಯ! ಮಂಡಿನೋವೂ ಇಲ್ಲ,” ಎಂದರು ಬೋರಮ್ಮ.

ಸಿಂಧೂರ ತುಟಿ ಕಚ್ಚಿ ನಗು ತಡೆದಳು. ದುರ್ಗಕ್ಕ ಅದನ್ನು ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಮಾತಾಡಿದರು.

“ಈ ಮನ್ಯಾಗ ಇಟ್ಟ ವಜ್ರ ಕಾಣಿಸ್ತಿಲ್ಲ, ಅದರ ಜಾಗಾದಾಗ ಅಮೆರಿಕನ್ ಡೈಮಂಡ್ ಬಂದದ. ಜಟ್ಟೆಪ್ಪಾರು ಮೊದಲ ಖೊಟ್ಟಿ ಹರಳು ಕೊಟ್ರೇನು? ಇಲ್ಲ. ಸೋಮವಾರ ಎಲ್ಲಾರ ಮುಂದ ಪರೀಕ್ಷೆ ಮಾಡಿ ಕೊಟ್ಟಾರ. ಶುಕ್ರವಾರ ಅವರ ಅಂಗಡಿಯೊಳಗ ಬದಲಾತೇನು? ಅದೂ ಇಲ್ಲ. ಶಿವಬಸವ್ವಾರು ಹರಳಿಗೆ ವಿಭೂತಿ ಹಚ್ಚಿದ್ರು. ಕಾಗದಕ್ಕ ವಿಭೂತಿ ಅದ, ಆದ್ರ ಹರಳಿನ ತಳದಾಗ ಜಿಡ್ಡು. ಕೈಗೆ ಹಚ್ಚೂ ಕ್ರೀಮು, ಸೋಪು ಸೇರಿ ಕೂತ ಜಿಡ್ಡು. ರೇಣುನ ಉಂಗುರದ ಹಿಂದ ಅದ ಥರದ್ದು ಇತ್ತು. ಅಂದ್ರ ಈ ಹರಳು ಅಂಗಡಿ ಡಬ್ಬಿಯಿಂದ ಬಂದಿಲ್ಲ. ಯಾರದೋ ಬೆರಳಿನ ಮ್ಯಾಲ ದಿನಗಟ್ಟಲೆ ಇತ್ತು.”

ಹರ್ಷದಾ ತಲೆ ಎತ್ತಿದಳು.

“ಇನ್ನೊಂದು. ಹರಳು ವಜ್ರದಷ್ಟ ಗಾತ್ರದ್ದು, ಕೂದಲೆಳಿ ವ್ಯತ್ಯಾಸ ಇಲ್ಲ. ಕದಿಯಾಕಿ ಅಂಥಾದ್ದನ್ನ ಎಲ್ಲಿಂದ ತರಬೇಕು? ಅಳತಿ ಕೂಡಿಸಿ ಹುಡುಕಿದ ಹರಳು ಒಂದ ಒಂದು. ಜಟ್ಟೆಪ್ಪಾರ, ಅದನ್ನ ಎಲ್ಲಿ ಹಾಕಿದ್ರಿ?”

ಜಟ್ಟೆಪ್ಪ ಹಣೆ ಹಣೆ ಬಡಿದುಕೊಂಡರು. “ಮಾದರಿ ಉಂಗುರದಾಗ! ಅದು ಊರಾಗ ಇದ್ದಿದ್ದಿಲ್ಲ, ಅದಕ್ಕ ನನಗ ಅದರ ನೆನಪೇ ಬರಲಿಲ್ಲ ನೋಡ್ರಿ!”

ಎಲ್ಲರ ಕಣ್ಣು ಸಿಂಧೂರಳ ಕೈಗೆ ಹೋಯಿತು. ಅವಳು ಮುಷ್ಟಿ ಬಿಗಿ ಹಿಡಿದಿದ್ದಳು. ಹರಳು ಅಂಗೈ ಒಳಗೆ ತಿರುಗಿತ್ತು.

“ಮೊದಲನೇ ಫೋಟೋದಾಗ ಆ ಉಂಗುರಕ್ಕ ದಾರ ಇದ್ದಿದ್ದಿಲ್ಲ, ಎರಡನೇದ್ರಾಗ ದಾರ ಬಿಗಿದು ಮುಳ್ಳನ್ನೂ ಕಟ್ಟಿತ್ತು,” ಎಂದರು ದುರ್ಗಕ್ಕ. “ಅಂಗಡಿಯ ಬೆಳ್ಳಿ ಉಂಗುರಕ್ಕ ಯಾರೂ ಅಷ್ಟು ಜೀವ ಬಿಡಂಗಿಲ್ಲ. ನಡುವ ಏನಾತು? ಈಕಿ ಇಲ್ಲಿ ಬಂದು ದೇವರಿಗೆ ಕೈ ಮುಗದು ಹೋದ್ಲು, ಒಬ್ಬಾಕಿನ. ಸಿಂಧೂರ, ಕದ್ದಿ ಅಂತ ನಾ ಅನ್ನವಲ್ಲೆ. ಕದ್ದಾಕಿ ಅದನ್ನ ಹಾಕ್ಕೊಂಡು ಅದೇ ಮನಿಗೆ ಫೋಟೋ ಕಳಸಂಗಿಲ್ಲ. ಜಟ್ಟೆಪ್ಪಾರಿಗೆ ಉಂಗುರ ಕೊಡವಾ.”

ಮಿಷನ್ನಿನ ಮೊನೆ ಹರಳಿಗೆ ಮುಟ್ಟಿದ್ದೇ ತಡ, ಕುಯ್ಯೆಂದು ಸದ್ದಾಯಿತು. ಜಟ್ಟೆಪ್ಪ ದಾರ ಬಿಡಿಸಿ, ಕಣ್ಣಿಗೆ ಗಾಜು ಹಿಡಿದು ನೋಡಿ, ಎರಡೂ ಕೈ ಮುಗಿದರು. “ನಂದ ಹರಳು. ಸಂದಿನಾಗ ಇನ್ನೂ ವಿಭೂತಿ ಅದ.”

ಶಿವಬಸವ್ವ ಅಲ್ಲೇ ನೆಲಕ್ಕೆ ಕೂತುಬಿಟ್ಟರು.

“ಅಯ್ಯೋ, ಇವತ್ತು ಅಂಗಡಿಗೆ ಹೋಗೋ ಮೊದ್ಲೇ ವಾಪಸ್ ಇಡ್ತಿದ್ದೆ ಆಂಟಿ!” ಎಂದಳು ಸಿಂಧೂರ. “ಶನಿವಾರ ಅಂತಾನೇ ಎಲ್ರೂ ಹೇಳಿದ್ದು. ಅಮ್ಮ ವಜ್ರದ ಓಲೆ ಹಾಕ್ಕೊಂಡ ವರ್ಷಾನೇ ತೀರ್ಕೊಂಡ್ರು. ಅದಕ್ಕೆ ಅಜ್ಜಿ ನಂಗೆ ವಜ್ರ ಬೇಡವೇ ಬೇಡ, ಹಾಕಿದ್ರೆ ನಿಶ್ಚಿತಾರ್ಥಕ್ಕೇ ಬರಲ್ಲ ಅಂತ ಹಟ ಹಿಡಿದಿದ್ರು. ಅತ್ತೆ ದೇವರ ಮುಂದೆ ಇಟ್ಟು ನೋಡ್ತಿದ್ರು, ಆದ್ರೆ ಅಜ್ಜಿಗೆ ನಂಬಿಕೆ ಬರ್ಬೇಕಾದ್ರೆ ನನ್ನ ಮೈಮೇಲೇ ಇರ್ಬೇಕು. ಅಜ್ಜಿ ಪಕ್ಕದಲ್ಲೇ ಮಲಗಿ, ಏನೂ ಆಗ್ಲಿಲ್ಲ ಅಂತ ಆಮೇಲೆ ತೋರಿಸೋಣ ಅಂತ... ಅತ್ತೆ ಮಾವಂಗೆ ಹೇಳಿದ್ರೆ, ಬೀಗರು ನಮ್ಮ ವಜ್ರಾನ ಅಪಶಕುನ ಅಂದ್ರು ಅಂತ ಬೇಜಾರಾಗ್ತಾರೆ ಅಂತ ಹೇಳ್ಲಿಲ್ಲ. ಕಳವಾಗಿದೆ ಅಂತ ಒಂದು ಮೆಸೇಜ್ ಹಾಕಿದ್ರೂ ನಿನ್ನೇನೇ ಹೇಳ್ಬಿಡ್ತಿದ್ದೆ.”

“ನೀ ಬೀಗರಿಗೆ ಬ್ಯಾಸರ ಆದೀತು ಅಂತ ಮುಚ್ಚಿಟ್ಟಿ, ಇವರು ಬೀಗರ ಮುಂದ ಮಾನ ಹೋದೀತು ಅಂತ ಮುಚ್ಚಿಟ್ರು,” ಎಂದರು ದುರ್ಗಕ್ಕ. “ನಡುವ ಸಿಕ್ಕಾಕಿ ಹರ್ಷದಾ ಒಬ್ಬಾಕಿ.”

ಬೋರಮ್ಮ ಉಂಗುರವನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. “ಕಳ್ಳಿ, ಮೂರು ರಾತ್ರಿ ಇದನ್ನ ನನ್ನ ಪಕ್ಕ ಮಲಗಿಸಿದ್ಯಾ?” ಎಂದು ಮೊಮ್ಮಗಳ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದರು. ಆಮೇಲೆ ಕಣ್ಣೊರೆಸಿಕೊಂಡು ಜಟ್ಟೆಪ್ಪನವರಿಗೆ ಹೇಳಿದರು: “ಕಟ್ಟಪ್ಪ, ಕಟ್ಟು. ಸುತ್ತ ಚಿನ್ನದ ಅಂಚು ಹಾಕು, ಬೀಳಬಾರ್ದು. ತಳ ಮಾತ್ರ ತೆರೆದಿರ್ಲಿ. ಹರಳು ಇವಳ ಮೈಗೆ ತಾಗ್ತಾ ಇರ್ಬೇಕು.” ಮುಳ್ಳಿಗಾಗಿ ಅಷ್ಟು ದಿನ ಹಟ ಹಿಡಿದ ಸಿಂಧೂರ ಈಗ ಆಗಲಿ ಎಂದು ತಲೆಯಾಡಿಸಿದಳು.

ಆದರೆ ಫಕೀರಪ್ಪ ಸುಮ್ಮನಿರಲಿಲ್ಲ. “ಅದೆಲ್ಲಾ ಖರೆ. ಮತ್ತ ಬಾರಾಮತಿಗೆ ಯಾಕ ಹೋಗಿದ್ಲು ಈಕಿ?”

“ಅದು ವಜ್ರಕ್ಕ ಸಂಬಂಧ ಇಲ್ಲ. ನಾ ಕೇಳಲೂ ಇಲ್ಲ,” ಎಂದರು ದುರ್ಗಕ್ಕ.

“ನಾ ಹೇಳ್ತೀನ್ರಿ,” ಎಂದಳು ಹರ್ಷದಾ. ದನಿ ಸಣ್ಣದಾಗಿತ್ತು, ನಡುಗಲಿಲ್ಲ. “ನಿಶ್ಚಿತಾರ್ಥಕ್ಕ ನಮ್ಮ ಆಯಿ ಬಾಬಾನ್ನ ನೀವು ಕರದಿಲ್ಲ ಮಾವಾರ. ಮಂದಿ ಬಾಯಿಂದ ಗೊತ್ತಾದ್ರ ಅವರಿಗೆ ಭಾಳ ನೋವಾಗ್ತದ. ಅದಕ್ಕ ನಾನ ಹೋಗಿ, ‘ಬರೇ ಮನಿ ಮಂದಿ ಅಷ್ಟ, ಯಾರನ್ನೂ ಕರದಿಲ್ಲ’ ಅಂತ ಸುಳ್ಳು ಹೇಳಿ ಬಂದೆ. ಅದನ್ನ ನಿಮಗ ಹ್ಯಾಂಗ ಹೇಳಲಿ?”

ಫಕೀರಪ್ಪ ಮೀಸೆಯಿಂದ ಕೈ ತೆಗೆದರು. ಸಿಂಧೂರ ಎದ್ದು ಹೋಗಿ ಹರ್ಷದಾಳ ಕೈ ಹಿಡಿದುಕೊಂಡು, “ಸಾರಿ ಅಕ್ಕ, ನನ್ನಿಂದ...” ಎಂದು ಅಳತೊಡಗಿದಳು. ಹರ್ಷದಾ ಅವಳ ತಲೆ ಸವರಿದಳು, ಆದರೆ ಕಣ್ಣು ಅತ್ತೆಯ ಮೇಲಿತ್ತು.

“ನನ್ನ ಕೇಳಿದ್ರ ಸಾಕಿತ್ತಲ್ರಿ ಅತ್ತಿ. ಹೊರಗಿನವರ ಕಡೆ ಹೋದ್ರಿ.”

“ಕೇಳಾಕ ಹೆದರಿಕಿ ಆತವ್ವ,” ಎಂದರು ಶಿವಬಸವ್ವ ನೆಲದ ಮೇಲಿಂದಲೇ. “ಕೇಳಿದ್ರ, ನಾನೂ ನಿನ್ನ ಮ್ಯಾಲ ಸಂಶಯ ಪಟ್ಟಂಗ ಆಗ್ತಿತ್ತು. ಕೇಳದಿದ್ದಕ್ಕೂ ಹಂಗ ಆತು. ನಂದು ತಪ್ಪಾತು.”

ಫಕೀರಪ್ಪ ಎದ್ದರು. ಜೇಬಿನಿಂದ ಫೋನ್ ತೆಗೆದು ಕನ್ನಡಕ ಹುಡುಕಿದರು, ಹೆಸರು ಹುಡುಕಿದರು, ಒತ್ತಿದರು. ಬಾರಾಮತಿಯಿಂದ ಹರ್ಷದಾಳ ತಂದೆ “ಹ್ಯಾಲೋ” ಎಂದದ್ದು ಎಲ್ಲರಿಗೂ ಕೇಳಿಸಿತು. ದಿನವಿಡೀ ಗಿರಾಕಿಗಳ ಜೊತೆ ಸರಾಗ ಮರಾಠಿ ಆಡುವ ಮನುಷ್ಯನಿಗೆ ಆ ಹೊತ್ತು ಒಂದು ಮಾತೂ ಹೊರಡಲಿಲ್ಲ. ಫೋನನ್ನು ಸೊಸೆಯ ಕಡೆ ಚಾಚಿದರು.

ಹರ್ಷದಾ ಕೈ ಹಿಂದಕ್ಕೆ ಕಟ್ಟಿಕೊಂಡಳು. “ನೀವ ಹೇಳ್ರಿ ಮಾವಾರ. ಈ ಸಲ ನಾ ಹೇಳಂಗಿಲ್ಲ.”

ಫಕೀರಪ್ಪ ಫೋನನ್ನು ಮತ್ತೆ ಕಿವಿಗಿಟ್ಟು, ಬೀಗರೇ ಎಂದು ಕರೆದು, ಗುರುವಾರ ಇಬ್ಬರೂ ಬರಬೇಕು, ಹಿಂದಿನ ದಿನವೇ ಬಂದು ಉಳಿಯಬೇಕು, ಕರೆಯುವುದು ತಡವಾಯಿತು, ತಪ್ಪು ನನ್ನದು ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ಫೋನಿನಿಂದ ಹೊರಬಿದ್ದ ನಗು ಅಡುಗೆಮನೆಯ ಬಾಗಿಲವರೆಗೂ ಕೇಳಿಸಿತು.

ಶಿವಬಸವ್ವ ನೆಲಕ್ಕೆ ಕೈಯೂರಿ ಎದ್ದು, ಬಾಗಿಲ ಬಳಿ ಇದ್ದ ಬ್ಯಾಗನ್ನು ಎತ್ತಿಕೊಂಡು ಒಳಕೋಣೆಗೆ ನಡೆದರು. ಹರ್ಷದಾ ಬೇಡ ಅನ್ನಲಿಲ್ಲ.